ಹೆಪ್ಪುನೆಲವೆಂಬ ಹಗೇವು

ಗುಡೇಮಾರನಹಳ್ಳಿಯ ಮನೆಯೊಂದರಲ್ಲಿ ಶಿವಾನುಭವ ಗೋಷ್ಠಿ ಮುಗಿದು, ಎಲ್ಲರೂ ಪ್ರಸಾದ ಸ್ವೀಕರಿಸಿ ಜಗುಲಿಯ ಮೇಲೆ ಕುಳಿತಿದ್ದ ಹೊತ್ತಿನಲ್ಲಿ, ಆ ಮನೆಯ ಹಿರಿಯ ತಾಯಿಯವರು ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಎಪ್ಪತ್ತು ದಾಟಿದ ಆ ತಾಯಿಗೆ ಬರುವ ಶ್ರಾವಣದಲ್ಲಿ ಕೇದಾರನಾಥನ ದರ್ಶನ ಮಾಡಬೇಕೆಂಬ ಹರಕೆ. ಅದು ಲಿಂಗೈಕ್ಯರಾದ ಪತಿಯು ಹೊತ್ತು, ತೀರಿಸಲಾಗದೆ ಉಳಿಸಿಹೋದ ಹರಕೆ. ಮಗನಿಗೆ ತಾಯಿಯನ್ನು ಕಳುಹಿಸಲು ಮನಸ್ಸಿಲ್ಲ. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗಳಾದರೋ, ಭೂಮಿಯ ಉತ್ತರ ತುದಿಯಲ್ಲಿ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ್ದ ನೆಲವು ಕರಗತೊಡಗಿದೆಯೆಂದೂ, ಹಿಮಾಲಯದ ನೆತ್ತಿಯಲ್ಲಿಯೂ ಅದೇ ನಡೆದಿದೆಯೆಂದೂ ಓದಿ ಹೇಳಿದ್ದಾಳೆ.

"ಮಂಜು ಕರಗೋದು ಕೇಳಿದ್ದೀನಿ ಬುದ್ಧಿ. ನೆಲ ಎಲ್ಲಾದ್ರೂ ಕರಗ್ತದಾ? ಕರಗೋದೇ ನಿಜ ಆದ್ರೆ ನಾನು ಹೋಗ್ಲೋ ಬೇಡ್ವೋ?"

ಇವು ಎರಡು ಪ್ರಶ್ನೆಗಳು. ಅಂದು ನಾಲ್ಕು ಮಾತುಗಳಲ್ಲಿ ಉತ್ತರಿಸಿದೆನಾದರೂ, ಮನೆಗೆ ಬಂದ ಮೇಲೆ ಅದು ಸಾಲದೆಂದು ತೋರಿತು. ಕೇದಾರದ ಹಂಬಲ ಹೊತ್ತ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಆದುದರಿಂದ ಈ ತಿಂಗಳ ಅಂಕಣವನ್ನು ಆ ತಾಯಿಯ ಪ್ರಶ್ನೆಗೇ ಮೀಸಲಿಟ್ಟಿದ್ದೇನೆ.

ಮೊದಲು ನೆಲದ ವಿಚಾರ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಎಡೆಬಿಡದೆ ಸೊನ್ನೆ ಡಿಗ್ರಿ ಅಥವಾ ಅದಕ್ಕೂ ಕೆಳಗಿನ ಉಷ್ಣತೆಯಲ್ಲಿ ಇರುವ ಮಣ್ಣು, ಮರಳು, ಬಂಡೆಗಳನ್ನು ವಿಜ್ಞಾನಿಗಳು ಪರ್ಮಾಫ್ರಾಸ್ಟ್ ಎಂದು ಕರೆಯುತ್ತಾರೆ. ನಾವು ಇದನ್ನು ಹೆಪ್ಪುನೆಲವೆನ್ನೋಣ. ಇದು ಹಿಮನದಿಯಲ್ಲ, ನೆಲದ ಮೇಲೆ ಬಿದ್ದ ಮಂಜೂ ಅಲ್ಲ. ನೆಲವೇ ಒಳಗಿನ ನೀರಿನೊಡನೆ ಕಲ್ಲಾಗಿ ಹೆಪ್ಪುಗಟ್ಟಿದ ಸ್ಥಿತಿ. ಬೇಸಗೆಯಲ್ಲಿ ಇದರ ಮೇಲ್ಪದರವಷ್ಟೇ ಮೆತ್ತಗಾಗಿ ಹುಲ್ಲು, ಪಾಚಿ ಬೆಳೆಯುತ್ತವೆ; ಚಳಿಗಾಲದಲ್ಲಿ ಮತ್ತೆ ಬಿಗಿಯುತ್ತದೆ. ರಷ್ಯದ ಸೈಬೀರಿಯಾ, ಅಲಾಸ್ಕಾ, ಕೆನಡಾದ ಉತ್ತರಭಾಗ, ಟಿಬೆಟ್ಟಿನ ಪ್ರಸ್ಥಭೂಮಿ ಮೊದಲಾದೆಡೆ ಇಂತಹ ನೆಲ ಹಬ್ಬಿದೆ. ಭೂಗೋಳದ ಉತ್ತರಾರ್ಧದಲ್ಲಿ ಅದರ ವಿಸ್ತಾರ ಸುಮಾರು ೧ ಕೋಟಿ ೪೦ ಲಕ್ಷ ಚದರ ಕಿಲೋಮೀಟರ್, ಎಂದರೆ ನಮ್ಮ ಭಾರತದ ನಾಲ್ಕು ಪಟ್ಟಿಗಿಂತ ಹೆಚ್ಚು.

ಅದರ ಆಳವನ್ನು ತಿಳಿಸುವ ಬಾವಿಯೊಂದರ ಕಥೆಯಿದೆ. ಸೈಬೀರಿಯಾದ ಯಾಕುತ್ಸ್ಕ್ ನಗರದಲ್ಲಿ ಶೆರ್ಗಿನ್ ಎಂಬ ವರ್ತಕ ವ್ಯವಹಾರದವನು ೧೮೨೮ರಲ್ಲಿ ಕುಡಿಯುವ ನೀರಿಗಾಗಿ ಬಾವಿ ತೋಡಿಸತೊಡಗಿದನು. ಒಂದು ಆಳು, ಎರಡು ಆಳು ಎಂದು ಅಗೆಯುತ್ತ ಹೋದಂತೆ ಸಿಕ್ಕಿದುದು ಹೆಪ್ಪುಗಟ್ಟಿದ ಮಣ್ಣೇ. ವರ್ಷಗಟ್ಟಲೆ ಅಗೆದು ಸುಮಾರು ೧೧೬ ಮೀಟರ್ ಇಳಿದರೂ ಹೆಪ್ಪು ಮುಗಿಯಲಿಲ್ಲ, ನೀರು ಬರಲಿಲ್ಲ. ನೀರಿನ ಆಸೆ ವಿಫಲವಾಯಿತಾದರೂ ಆ ಬಾವಿಯೊಳಗೆ ಇಳಿದು ಉಷ್ಣತೆಯನ್ನಳೆದ ವಿದ್ವಾಂಸರಿಂದ ಹೆಪ್ಪುನೆಲದ ಶಾಸ್ತ್ರಕ್ಕೆ ಬುನಾದಿ ಬಿದ್ದಿತು. ಸೈಬೀರಿಯಾದ ಕೆಲವೆಡೆ ಈ ಹೆಪ್ಪು ಒಂದು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿದೆಯೆಂಬುದು ಈಗ ತಿಳಿದಿದೆ.

ಈ ನೆಲದೊಳಗೆ ಏನಿದೆ? ಇದನ್ನರಿಯಲು ನಮ್ಮ ಮಾಗಡಿ ಸೀಮೆಯವರಿಗೆ ದೂರದ ಉಪಮಾನ ಬೇಡ. ಹಿರಿಯರು ರಾಗಿಯನ್ನು ತುಂಬಿಡುತ್ತಿದ್ದ ಹಗೇವನ್ನು ನೆನೆದರೆ ಸಾಕು. ಗಟ್ಟಿನೆಲದಲ್ಲಿ ಕಿರಿದಾದ ಬಾಯಿ, ಅಗಲವಾದ ಒಡಲು. ಒಳಗೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಳು ಕಳೆದರೂ ಕಾಳು ಕೆಡುತ್ತಿರಲಿಲ್ಲ. ಹೆಪ್ಪುನೆಲವು ಪ್ರಕೃತಿಯು ತುಂಬಿಟ್ಟಿರುವ ಅಂತಹದೊಂದು ಹಗೇವು. ಸಾವಿರಾರು ವರ್ಷಗಳಿಂದ ಅಲ್ಲಿ ಬೆಳೆದ ಹುಲ್ಲು, ಬೇರು, ಎಲೆ, ಸತ್ತ ಪ್ರಾಣಿಗಳ ಅವಶೇಷಗಳು ಪೂರ್ತಿಯಾಗಿ ಕೊಳೆಯುವ ಮೊದಲೇ ಹೆಪ್ಪಿನೊಳಗೆ ಸೇರಿವೆ. ಶೈತ್ಯವೇ ಅದರ ಚಪ್ಪಡಿ, ಶೈತ್ಯವೇ ಅದರ ಮೆತ್ತಿದ ಮಣ್ಣು. ಸುಮಾರು ೩೨ ಸಾವಿರ ವರ್ಷಗಳ ಹಿಂದೆ ಅಳಿಲುಗಳು ಬಿಲದಲ್ಲಿ ಕೂಡಿಟ್ಟಿದ್ದ ಹಣ್ಣಿನ ಅಂಶದಿಂದ ರಷ್ಯದ ವಿಜ್ಞಾನಿಗಳು ಹೂ ಬಿಡುವ ಗಿಡವನ್ನು ಬೆಳೆಸಿದ್ದನ್ನು ೨೦೧೨ರಲ್ಲಿ ಜಗತ್ತು ಅರಿಯಿತು. ಈ ಹಗೇವಿನ ಕಾವಲು ಎಷ್ಟು ಭದ್ರವಾದುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಆದರೆ ಹಗೇವಿಗೆ ನೀರು ಇಳಿದರೆ ಏನಾಗುತ್ತದೆಂಬುದನ್ನೂ ಹಿರಿಯರು ಬಲ್ಲರು. ಕಾಳು ಬಿಸಿಯೇರಿ ಮುಗ್ಗುತ್ತದೆ. ಒಳಗಿನ ಪ್ರಾಣವಾಯು ಮುಗಿದು ಇಂಗಾಲದ ಡೈಆಕ್ಸೈಡ್ ತಳದಲ್ಲಿ ತುಂಬಿ ನಿಲ್ಲುತ್ತದೆ. ಅರಿಯದೆ ಇಳಿದವನು ಮೇಲಕ್ಕೆ ಬರುವುದಿಲ್ಲ. ಹೆಪ್ಪುನೆಲ ಕರಗಿದಾಗಲೂ ನಡೆಯುವುದು ಇದೇ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಚ್ಚೆತ್ತು, ಅಷ್ಟು ಕಾಲ ಕೆಡದೆ ಉಳಿದಿದ್ದ ಸಸ್ಯದ ಅಂಶವನ್ನು ಕೊಳೆಯಿಸತೊಡಗುತ್ತವೆ. ಗಾಳಿಯಾಡುವ ಕಡೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ನೀರು ನಿಂತು ಗಾಳಿ ತಗಲದ ಕಡೆ ಮೀಥೇನ್ ಹೊರಡುತ್ತದೆ. ನಮ್ಮ ಹಿತ್ತಿಲ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಈ ಮೀಥೇನೇ. ಬಿಸಿಯನ್ನು ಹಿಡಿದಿಡುವುದರಲ್ಲಿ ಅದು ನೂರು ವರ್ಷಗಳ ಲೆಕ್ಕಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ೨೭ ಪಟ್ಟು ಬಲವುಳ್ಳದು.

ಈ ಹಗೇವಿನಲ್ಲಿರುವ ಇಂಗಾಲ ಸುಮಾರು ಒಂದೂವರೆ ಲಕ್ಷ ಕೋಟಿ ಟನ್ನು. ಇಂದು ಇಡೀ ವಾಯುಮಂಡಲದಲ್ಲಿರುವುದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಈ ಅಂಕೆಯನ್ನು ಕೇಳಿ ನಾಳೆಯೇ ಪ್ರಳಯವೆಂದು ಹೆದರಬೇಕಾಗಿಲ್ಲ. ಹಗೇವಿನ ಚಪ್ಪಡಿ ಒಮ್ಮೆಗೇ ಹಾರಿಹೋಗುವುದಿಲ್ಲ. ಜಗತ್ತಿನ ಹವಾಮಾನ ತಜ್ಞರ ಮಂಡಲಿಯು ೨೦೨೧ರಲ್ಲಿ ಅಂದಾಜು ಮಾಡಿರುವಂತೆ, ಭೂಮಿಯ ಸರಾಸರಿ ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆಲ್ಲ ಈ ಶತಮಾನದ ಕೊನೆಯ ಹೊತ್ತಿಗೆ ಸುಮಾರು ೧,೮೦೦ ಕೋಟಿ ಟನ್ ಇಂಗಾಲ ಹೊರಬೀಳಬಹುದು. ಮನುಷ್ಯಕುಲವು ಕಲ್ಲಿದ್ದಲು, ಎಣ್ಣೆಗಳನ್ನುರಿಸಿ ವರ್ಷವೊಂದಕ್ಕೆ ಹೊರಬಿಡುತ್ತಿರುವುದು ಸುಮಾರು ೧,೦೦೦ ಕೋಟಿ ಟನ್. ಎಂದರೆ ದೊಡ್ಡ ಬೆಂಕಿ ಇಂದಿಗೂ ನಮ್ಮ ಒಲೆಯದೇ. ಕರಗುವ ನೆಲವು ಅದಕ್ಕೆ ಗಾಳಿ ಹಾಕುವ ಊದುಕೊಳವೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಲಾಗದು. ನಮ್ಮ ಒಲೆಯನ್ನು ನಾವು ಮನಸ್ಸು ಮಾಡಿದರೆ ಆರಿಸಬಹುದು. ಆ ನೆಲ ಕೊಳೆಯತೊಡಗಿದ ಮೇಲೆ ಅದನ್ನು ನಿಲ್ಲಿಸುವ ಕೈ ಯಾರಿಗೂ ಇಲ್ಲ.

ಈಚಿನ ಸಂಶೋಧನೆಗಳು ಹೇಳುವುದೇನು? ೧೯೭೯ರಿಂದ ಈಚೆಗೆ ಉತ್ತರ ಧ್ರುವಪ್ರದೇಶವು ಭೂಮಿಯ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆಯೆಂದು ೨೦೨೨ರಲ್ಲಿ ಫಿನ್‌ಲ್ಯಾಂಡಿನ ವಿಜ್ಞಾನಿಗಳು ಲೆಕ್ಕ ಹಾಕಿದರು. ೨೦೨೪ರ ಡಿಸೆಂಬರಿನಲ್ಲಿ ಪ್ರಕಟವಾದ ಅಮೆರಿಕದ ಸರ್ಕಾರಿ ಸಂಸ್ಥೆಯ ವರದಿಯು ಇನ್ನೂ ಗಂಭೀರವಾದುದು. ಕಾಡ್ಗಿಚ್ಚನ್ನೂ ಸೇರಿಸಿ ಲೆಕ್ಕ ಹಿಡಿದರೆ, ಸಾವಿರಾರು ವರ್ಷ ಇಂಗಾಲವನ್ನು ಹೀರಿ ಇಟ್ಟುಕೊಳ್ಳುತ್ತಿದ್ದ ಉತ್ತರದ ಆ ಹುಲ್ಲುಬಯಲು ಈಗ ತಾನು ಪಡೆಯುವುದಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಿದೆ. ಕೂಡಿಡುತ್ತಿದ್ದ ಮನೆ ಖರ್ಚಿನ ಮನೆಯಾಗಿದೆ.

ಸೈಬೀರಿಯಾದ ಬತಗಾಯ್ ಎಂಬಲ್ಲಿ ೧೯೬೦ರ ದಶಕದಲ್ಲಿ ಕಾಡು ಕಡಿದುದರಿಂದ ನೆಲಕ್ಕೆ ನೆರಳು ತಪ್ಪಿ, ಒಳಗಿನ ಹೆಪ್ಪು ಕರಗಿ ಭೂಮಿ ಕುಸಿಯತೊಡಗಿತು. ಇಂದು ಅದು ಸುಮಾರು ಒಂದು ಕಿಲೋಮೀಟರ್ ಹರಹಿನ ಹೊಂಡ. ಪ್ರತಿ ಬೇಸಗೆಯಲ್ಲಿಯೂ ಅದರ ಅಂಚು ಕಳಚುತ್ತಲೇ ಇದೆ. ಯಮಾಲ್ ಎಂಬ ಪ್ರಾಂತದಲ್ಲಿ ೨೦೧೬ರ ಬೇಸಗೆ ವಿಪರೀತವಾದಾಗ, ಪ್ರಾಣಿಗಳಿಗೂ ಮನುಷ್ಯರಿಗೂ ಮಾರಕವಾದ ಆಂಥ್ರಾಕ್ಸ್ ರೋಗ ಕಾಣಿಸಿಕೊಂಡಿತು. ಹಿಂದೆಂದೋ ಆ ರೋಗದಿಂದ ಸತ್ತು ಹೆಪ್ಪಿನೊಳಗೆ ಹುದುಗಿದ್ದ ಹಿಮಸಾರಂಗಗಳ ಕಳೇಬರಗಳಿಂದ ಅದು ಹೊರಬಂದಿತೆಂದು ತಜ್ಞರು ತಿಳಿದಿದ್ದಾರೆ. ಎರಡು ಸಾವಿರಕ್ಕೂ ಹೆಚ್ಚು ಸಾರಂಗಗಳು ಸತ್ತವು. ಹನ್ನೆರಡು ವರ್ಷದ ಬಾಲಕನೊಬ್ಬನೂ ಅಸುನೀಗಿದನು. ಆ ಮಂಜಿನ ನಾಡಿನಲ್ಲಿ ಸಾರಂಗ ಕಾಯ್ದು ಬದುಕುವವರಿಗೂ ಹಸು ಕಟ್ಟಿ ಬದುಕುವ ನಮಗೂ ದುಃಖದಲ್ಲಿ ಭೇದವೇನಿದೆ?

ಇನ್ನು ಹಿಮಾಲಯದ ವಿಚಾರ. ಉತ್ತರಕ್ಕೆ ಹೋದಂತೆ ಚಳಿ ಹೆಚ್ಚುವ ಹಾಗೆಯೇ ಎತ್ತರಕ್ಕೆ ಏರಿದಂತೆಯೂ ಚಳಿ ಹೆಚ್ಚುತ್ತದೆ. ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿಯಷ್ಟು. ಆದುದರಿಂದ ಲಡಾಖ್, ಸ್ಪಿತಿ, ಉತ್ತರಾಖಂಡ, ಸಿಕ್ಕಿಂಗಳ ಉನ್ನತ ಶಿಖರಗಳಲ್ಲಿಯೂ ಹೆಪ್ಪುನೆಲವಿದೆ. ಆದರೆ ಅಲ್ಲಿ ಅದರ ಕೆಲಸ ಬೇರೆ. ಸೈಬೀರಿಯಾದಲ್ಲಿ ಅದು ಹಗೇವಾದರೆ ಹಿಮಾಲಯದಲ್ಲಿ ಅದು ಗಾರೆ. ಬಂಡೆಯ ಬಿರುಕುಗಳಲ್ಲಿ ತುಂಬಿದ ನೀರು ಹೆಪ್ಪುಗಟ್ಟಿ, ಒಡೆದ ಕಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತದೆ. ಅದೇ ನೀರು ಹೆಪ್ಪಾಗುವಾಗ ಹಿಗ್ಗುವುದರಿಂದ, ನಮ್ಮ ಕಲ್ಲುಕುಟಿಕರು ಬಂಡೆಗೆ ಬಡಿಯುವ ಬೆಣೆಯಂತೆ ಬಿರುಕನ್ನು ಅಗಲವೂ ಮಾಡಿರುತ್ತದೆ. ಬೆಣೆಯೂ ಅದೇ, ಗಾರೆಯೂ ಅದೇ. ಎಲ್ಲಿಯವರೆಗೆ ಚಳಿಯಿರುವುದೋ ಅಲ್ಲಿಯವರೆಗೆ ಬೆಟ್ಟ ನಿಂತಿರುತ್ತದೆ. ಹೆಪ್ಪು ಸಡಿಲವಾದ ದಿನ ಬಿರುಕು ಮಾತ್ರ ಉಳಿಯುತ್ತದೆ. ಒಂದೇ ಅಖಂಡ ಶಿಲೆಯಂತೆ ನಿಂತ ನಮ್ಮ ಸಾವನದುರ್ಗವನ್ನು ನೋಡಿ ಎಲ್ಲ ಬೆಟ್ಟಗಳೂ ಹಾಗೆಯೇ ಸ್ಥಿರವೆಂದು ಭಾವಿಸುವುದು ಸರಿಯಲ್ಲ.

೨೦೨೧ರ ಫೆಬ್ರವರಿ ೭ರ ಬೆಳಿಗ್ಗೆ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ರೋಂಟಿ ಶಿಖರದ ಪಾರ್ಶ್ವವೊಂದು ಕಳಚಿ ಬಿದ್ದಿತು. ಅಂದು ಮಳೆಯಿರಲಿಲ್ಲ, ಆಕಾಶ ತಿಳಿಯಾಗಿತ್ತು. ಕುಸಿದ ಬಂಡೆ ಮತ್ತು ಹಿಮದ ಮೊತ್ತ ೨ ಕೋಟಿ ೭೦ ಲಕ್ಷ ಘನ ಮೀಟರ್. ಟಿಪ್ಪರ್ ಲಾರಿಯೊಂದಕ್ಕೆ ಹತ್ತು ಘನ ಮೀಟರ್ ಎಂದು ಹಿಡಿದರೂ ಅದು ೨೭ ಲಕ್ಷ ಲೋಡು. ಋಷಿಗಂಗೆಯಲ್ಲಿ ಕೆಸರು ಕಲ್ಲುಗಳ ಪ್ರವಾಹ ಎದ್ದು ಎರಡು ವಿದ್ಯುತ್ ಯೋಜನೆಗಳು ಹಾಳಾದವು. ಇನ್ನೂರಕ್ಕೂ ಹೆಚ್ಚು ಜನ, ಅವರಲ್ಲಿ ಬಹುಮಂದಿ ಕೂಲಿಯವರು, ಸತ್ತರು ಅಥವಾ ಕಾಣೆಯಾದರು. ೧೯೭೪ರಲ್ಲಿ ಗೌರಾದೇವಿಯವರೂ ಅವರ ಸಂಗಡಿಗ ಮಹಿಳೆಯರೂ ಮರಗಳನ್ನಪ್ಪಿ ಕಾಡುಳಿಸಿದ ರೈಣಿ ಗ್ರಾಮ ಇದೇ ಕಣಿವೆಯದು. ಈ ಕುಸಿತಕ್ಕೆ ಹೆಪ್ಪು ಕರಗಿದುದೊಂದೇ ಕಾರಣವೆಂದು ಪರಿಶೀಲಿಸಿದ ವಿಜ್ಞಾನಿಗಳು ಹೇಳಿಲ್ಲ. ಆದರೆ ಬಿಸಿಯೇರಿದಂತೆ ಇಂತಹ ಕಡಿದಾದ ಪಾರ್ಶ್ವಗಳು ಸಡಿಲವಾಗುತ್ತವೆಂಬುದರಲ್ಲಿ ಅವರಿಗೆ ಭಿನ್ನಾಭಿಪ್ರಾಯವಿಲ್ಲ.

೨೦೨೩ರ ಅಕ್ಟೋಬರ್ ೩ರ ರಾತ್ರಿ ಸಿಕ್ಕಿಂನಲ್ಲಿ ನಡೆದುದು ಇನ್ನೂ ಸ್ಪಷ್ಟವಾದ ನಿದರ್ಶನ. ಅಲ್ಲಿ ೫,೨೦೦ ಮೀಟರ್ ಎತ್ತರದಲ್ಲಿ ದಕ್ಷಿಣ ಲ್ಹೋನಕ್ ಎಂಬ ಹಿಮಸರೋವರವಿದೆ. ಅದರ ದಂಡೆಯ ಮೇಲೆ ಹಿಂದೆ ಹಿಮನದಿ ತಂದು ಒಟ್ಟಿದ್ದ, ಒಳಗೆ ಹೆಪ್ಪುಗಟ್ಟಿದ ಕಲ್ಲುಮಣ್ಣಿನ ದಿಬ್ಬದಿಂದ ೧ ಕೋಟಿ ೪೭ ಲಕ್ಷ ಘನ ಮೀಟರಿನಷ್ಟು ಕುಸಿದು ನೀರಿಗೆ ಬಿದ್ದಿತು. ಸುಮಾರು ೨೦ ಮೀಟರ್ ಎತ್ತರದ ಅಲೆಯೆದ್ದು ಎದುರಿನ ಕಟ್ಟೆಯನ್ನು ಕೊರೆಯಿತು. ಸುಮಾರು ೫ ಕೋಟಿ ಘನ ಮೀಟರ್ ನೀರು ಹೊರನುಗ್ಗಿತು. ಚುಂಗ್‌ಥಾಂಗಿನ ಅಣೆಕಟ್ಟು ಕೊಚ್ಚಿಹೋಯಿತು. ಪ್ರವಾಹವು ತೀಸ್ತಾ ನದಿಯಗುಂಟ ಬಾಂಗ್ಲಾದೇಶದವರೆಗೂ ಹರಿಯಿತು. ದಿಬ್ಬದ ಹೆಪ್ಪು ಸಡಿಲಗೊಂಡುದು ಇದರ ಹಿನ್ನೆಲೆಯಲ್ಲಿದೆಯೆಂದು ೨೦೨೫ರ ಜನವರಿಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು ವಿವರಿಸಿದೆ.

ಇಲ್ಲಿ ನಮ್ಮ ನಾಡಿನವರು ಗಮನಿಸಬೇಕಾದ ಸಂಗತಿಯೊಂದಿದೆ. ಈ ಸರೋವರ ಒಡೆದರೆ ಕೆಳಗಿನ ಊರುಗಳಿಗೆ ಏನಾದೀತೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಕೇಂದ್ರದ ವಿಜ್ಞಾನಿಗಳು ಹೊರನಾಡಿನ ವಿದ್ವಾಂಸರೊಡನೆ ಸೇರಿ ಲೆಕ್ಕ ಹಾಕಿ, ೨೦೨೧ರಲ್ಲಿಯೇ ಪ್ರಕಟಿಸಿದ್ದರು. ಮಲ್ಲೇಶ್ವರದ ಪಕ್ಕದಲ್ಲಿ ಕುಳಿತು ಸಿಕ್ಕಿಂನ ಅಪಾಯವನ್ನು ಎರಡು ವರ್ಷ ಮುಂಚೆ ಕಂಡಿದ್ದರು. ಆದರೆ ಕೆಳಗಿನ ಜನರನ್ನು ಸಕಾಲದಲ್ಲಿ ಎಬ್ಬಿಸುವ ವ್ಯವಸ್ಥೆ ಪೂರ್ಣವಾಗುವ ಮೊದಲೇ ದಿಬ್ಬ ಕುಸಿಯಿತು. ತಿಳಿವಳಿಕೆಗೇನೂ ಕೊರತೆಯಿರಲಿಲ್ಲ, ಅದು ಕಣಿವೆಯಲ್ಲಿ ಮಲಗಿದ್ದವನ ಕಿವಿಯನ್ನು ಮುಟ್ಟಲಿಲ್ಲ.

ಈಗ ಕೇದಾರಕ್ಕೆ ಬರೋಣ. ಕೇದಾರವು ನಮಗೆ ಬರಿಯ ದೂರದ ಕ್ಷೇತ್ರವಲ್ಲ. ಪಂಚಪೀಠಗಳಲ್ಲೊಂದಾದ ಕೇದಾರಪೀಠವು ಊಖಿಮಠದಲ್ಲಿದೆ. ದೇವಾಲಯದ ರಾವಲರೂ ಅವರ ಅಧೀನದಲ್ಲಿ ಪೂಜೆ ನಡೆಸುವ ಅರ್ಚಕರೂ ದಕ್ಷಿಣದ ನಮ್ಮ ಸಮಾಜದವರೇ. ಕರ್ನಾಟಕದ ಮನೆಗಳಿಂದ ಹೋದ ಮಕ್ಕಳು ೩,೫೮೩ ಮೀಟರ್ ಎತ್ತರದಲ್ಲಿ ಪೂಜೆ ಸಲ್ಲಿಸುತ್ತ ಬಂದಿದ್ದಾರೆ. ಚಳಿಗಾಲದಲ್ಲಿ ಪೂಜೆಯು ಊಖಿಮಠದ ಓಂಕಾರೇಶ್ವರನಲ್ಲಿ ನಡೆಯುತ್ತದೆ. ಎಂದರೆ ಆ ಬೆಟ್ಟದ ಸ್ಥಿತಿಗತಿಯು ನಮ್ಮ ನೆಂಟರಿಷ್ಟರ ಸ್ಥಿತಿಗತಿಯೂ ಹೌದು.

೨೦೧೩ರ ಜೂನ್ ೧೬ ಮತ್ತು ೧೭ರ ದುರಂತವನ್ನು ಯಾರೂ ಮರೆತಿಲ್ಲ. ಅಂದು ಕಾರಣವಾದುದು ಅಕಾಲದ ಭಾರಿ ಮಳೆ ಮತ್ತು ಕರಗಿದ ಹಿಮ. ಅವೆರಡರಿಂದ ತುಂಬಿದ ಚೋರಾಬಾರಿ ಸರೋವರವು ೧೭ರ ಬೆಳಿಗ್ಗೆ ತನ್ನ ಕಲ್ಲುಮಣ್ಣಿನ ಕಟ್ಟೆಯನ್ನೊಡೆದು ಕೇದಾರಪುರಿಯ ಮೇಲೆರಗಿತು. ಹಿಂಬದಿಗೆ ಬಂದು ನಿಂತ ಹೆಬ್ಬಂಡೆಯೊಂದು ನೀರನ್ನು ಕವಲಾಗಿಸಿದುದರಿಂದ ಗುಡಿ ಉಳಿಯಿತು. ಸುತ್ತಲಿನ ವಸತಿಗಳು ಉಳಿಯಲಿಲ್ಲ. ಉತ್ತರಾಖಂಡದಲ್ಲೆಲ್ಲ ಸೇರಿ ಐದು ಸಾವಿರಕ್ಕೂ ಮಿಕ್ಕಿ ಜನ ಮಡಿದರು. ಇದನ್ನು ಹೆಪ್ಪುನೆಲದ ಲೆಕ್ಕಕ್ಕೆ ಬರೆಯುವುದು ತಪ್ಪು. ಆದರೆ ಮಳೆಯ ಅಪಾಯವಿದ್ದಲ್ಲಿಯೇ ಈಗ ನೆಲದ ಅಪಾಯವೂ ಕೂಡಿಕೊಳ್ಳುತ್ತಿದೆಯೆಂಬುದನ್ನು ಮರೆಯುವುದೂ ತಪ್ಪೇ.

ಹಾಗಾದರೆ ಆ ತಾಯಿಗೆ ಏನು ಹೇಳಬೇಕು? ನಾನು ಹೇಳಿದುದು ಇಷ್ಟು. ತಾಯಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸುವ ನಮಗೆ ಬೆಟ್ಟ ಹತ್ತಲೇಬೇಕೆಂಬ ಕಟ್ಟಳೆಯಿಲ್ಲ. ಹೋಗದಿದ್ದರೆ ದೋಷವೆಂದು ಯಾರಾದರೂ ಹೆದರಿಸಿದರೆ ಕಿವಿಗೊಡಬೇಡಿ. ಹೋಗುವ ಮನಸ್ಸೇ ಇದ್ದರೆ ಶ್ರಾವಣವನ್ನು ಬಿಡಿ. ಅದು ಆ ಬೆಟ್ಟಗಳಲ್ಲಿ ಮಳೆಯೂ ಕುಸಿತವೂ ಹೆಚ್ಚಿರುವ ಕಾಲ. ಬಾಗಿಲು ತೆರೆದ ಹೊಸತರಲ್ಲಿ ವೈಶಾಖದಲ್ಲಿಯೋ, ಮಳೆ ಹಿಂದೆ ಸರಿದ ಮೇಲೆ ಆಶ್ವಯುಜದಲ್ಲಿಯೋ ಹೋಗಿರಿ. ಮೊದಲು ವೈದ್ಯರಿಗೆ ಎದೆಯನ್ನು ತೋರಿಸಿರಿ. ಹೆಸರು ನೋಂದಾಯಿಸದೆ ಹೊರಡಬೇಡಿ. ಯಾರು ಎಲ್ಲಿದ್ದಾರೆಂಬುದು ಸರ್ಕಾರಕ್ಕೆ ತಿಳಿದಿದ್ದರೆ ಆಪತ್ತಿನಲ್ಲಿ ಹುಡುಕಲು ದಾರಿಯಿರುತ್ತದೆ. ನದೀಪಾತ್ರಕ್ಕೆ ತಾಗಿದ ವಸತಿಯಲ್ಲಿ ತಂಗಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾತ್ರೆಯನ್ನು ತಡೆದಿದ್ದೇವೆಂದು ಅಲ್ಲಿನವರು ಹೇಳಿದಾಗ, ಇಷ್ಟು ದೂರ ಬಂದು ಹಿಂದಿರುಗುವುದೇ ಎಂದು ಹಟ ಹಿಡಿಯಬೇಡಿ.

ಚಮೋಲಿಯ ಬೆಟ್ಟ ಮಳೆಯಿಲ್ಲದ ಫೆಬ್ರವರಿಯಲ್ಲಿ ಕುಸಿಯಿತಲ್ಲ, ತಿಂಗಳು ಬದಲಿಸಿದರೆ ಅದು ತಪ್ಪುವುದೇ ಎಂದು ಮೊಮ್ಮಗಳು ಕೇಳಿದಳು. ಪ್ರಶ್ನೆ ನ್ಯಾಯವಾದುದು. ತಪ್ಪುವುದಿಲ್ಲ. ಮಳೆಗೆ ಮಾಸವುಂಟು, ಸಡಿಲವಾದ ಬೆಟ್ಟಕ್ಕೆ ಮಾಸವಿಲ್ಲ. ಅದಕ್ಕಿರುವ ಉಪಾಯ ಎರಡೇ. ಬೆಟ್ಟವನ್ನು ಎಡೆಬಿಡದೆ ನೋಡುತ್ತಿರುವವರ ಮಾತು ಕೆಳಗಿನವರಿಗೆ ತಲಪುವಂತಾಗಬೇಕು. ಯಾತ್ರಿಕರ ಅನುಕೂಲವೆಂಬ ನೆಪದಲ್ಲಿ ಅಸ್ಥಿರವಾದ ಇಳಿಜಾರುಗಳಲ್ಲಿ ಛತ್ರ, ಹೋಟೆಲು, ರಸ್ತೆಗಳ ಭಾರ ಹೇರುವುದು ನಿಲ್ಲಬೇಕು. ಅನುಕೂಲವನ್ನು ಕೇಳುವವರು ನಾವೇ ಆದುದರಿಂದ ಅದನ್ನು ಕಡಿಮೆ ಮಾಡಿಕೊಳ್ಳುವ ಹೊಣೆಯೂ ನಮ್ಮದೇ.

ಇನ್ನು ಒಲೆಯ ಮಾತು. ಬಿಸಿಯನ್ನು ಹೆಚ್ಚಿಸಿದ ದೊಡ್ಡ ಪಾಲು ಶ್ರೀಮಂತ ದೇಶಗಳದು, ಹಳ್ಳಿಯವರಾದ ನಾವೇನು ಮಾಡಬಲ್ಲೆವು ಎಂಬುದು ಸಹಜವಾದ ವಾದ. ಲೆಕ್ಕದಲ್ಲಿ ಅದು ಸರಿ. ಆದರೆ ದಾಸೋಹವನ್ನು ಬಲ್ಲ ಸಮಾಜಕ್ಕೆ ಅಷ್ಟೇ ಸಾಲದು. ಪಡೆದುದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಬಳಸಿ ಉಳಿದುದನ್ನು ಪರರಿಗೆ ಸಲ್ಲಿಸುವುದು ದಾಸೋಹವಾದರೆ, ಗಾಳಿ, ನೆಲ, ಸೌದೆ, ಎಣ್ಣೆಗಳಿಗೂ ಅದು ಸಲ್ಲುತ್ತದೆ. ಸೂರ್ಯನ ಬಿಸಿಲಿನಿಂದ ಕಾಯುವ ನೀರು, ಬೆಂಕಿಯಿಡದೆ ಗೊಬ್ಬರವಾಗುವ ಕಸ, ಬದುವಿನಲ್ಲಿ ಉಳಿದ ಹೊಂಗೆಯ ಮರ, ಮದುವೆಮನೆಯಲ್ಲಿ ವ್ಯರ್ಥವಾಗದ ವಿದ್ಯುತ್ತು ಇವು ಸಣ್ಣವು ನಿಜ. ಇವುಗಳಿಂದ ಬತಗಾಯಿಯ ಹೊಂಡ ಮುಚ್ಚುವುದಿಲ್ಲ. ಆದರೆ ತನ್ನ ಮನೆಯ ಒಲೆಯನ್ನು ತಗ್ಗಿಸದವನ ಮಾತನ್ನು ಊರು ಕೇಳದು, ಊರಿನ ಮಾತಿಲ್ಲದೆ ಸರ್ಕಾರವೂ ಕದಲದು.

ಗೋಷ್ಠಿ ಮುಗಿದು ಹೊರಡುವಾಗ ಆ ತಾಯಿ ತಮ್ಮ ಬಾಲ್ಯದ ಸಂಗತಿಯೊಂದನ್ನು ನೆನೆದರು. ಹಗೇವು ತೆಗೆದ ದಿನ ಅವರ ತಂದೆ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲವಂತೆ. ಚಪ್ಪಡಿ ಸರಿಸಿ ಬಹಳ ಹೊತ್ತು ಹಾಗೆಯೇ ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಇಳಿಬಿಡುತ್ತಿದ್ದರಂತೆ. ದೀಪ ಉರಿದರೆ ಆಳು ಇಳಿಯಬಹುದು. ಆರಿದರೆ ಎಷ್ಟೇ ಅವಸರವಿರಲಿ, ಮನೆಯಲ್ಲಿ ಹಿಟ್ಟಿಲ್ಲದಿರಲಿ, ಅಂದು ಯಾರೂ ಇಳಿಯುವಂತಿಲ್ಲ.

"ದೀಪ ಆರಿದ್ಮೇಲೆ ಇಳೀಬಾರ್ದು ಅನ್ನೋದು ನಮ್ಮಪ್ಪಂಗೂ ಗೊತ್ತಿತ್ತು ಬುದ್ಧಿ. ಆಶ್ವಯುಜದಲ್ಲೇ ಹೋಗ್ತೀನಿ. ಬೇಡ ಅಂದ್ರೆ ಊಖಿಮಠದಲ್ಲೇ ಕೈಮುಗಿದು ಬರ್ತೀನಿ" ಎಂದರು.

ಯಾಕುತ್ಸ್ಕಿನ ಬಾವಿಯಲ್ಲಿ ಉಷ್ಣತೆಯನ್ನಳೆದವರೂ, ಸಿಕ್ಕಿಂನ ಸರೋವರವನ್ನು ಬೆಂಗಳೂರಿನಿಂದ ಅಳೆದವರೂ ಮಾಡಿದ ಕೆಲಸವು ಆ ತಂದೆ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ದೀಪದ ಕೆಲಸವೇ. ದೀಪವನ್ನು ಅವರು ಇಳಿಬಿಟ್ಟಿದ್ದಾರೆ. ಅದು ಉರಿಯಿತೋ ಆರಿತೋ ಎಂದು ಬಗ್ಗಿ ನೋಡುವುದು ನಮ್ಮ ಪಾಲಿನ ಕೆಲಸ.